ಹೊಗೆಯಲ್ಲ, ಮಸಿ

ಮಳೆ ನಿಂತ ಸಂಜೆಯ ಹೊಂಬೆಳಕು ಮಡಕೆ ಸುಡುವ ಆವಿಗೆಯ ಅಂಗಳದ ಒದ್ದೆ ಕಲ್ಲುಗಳ ಮೇಲೆಲ್ಲ ಮೃದುವಾಗಿ ಹರಡಿತ್ತು. ಗಾಳಿಯಲ್ಲಿ ಹಸಿಮಣ್ಣಿನ ಗಂಧವಿತ್ತು... ಆದರೆ, ಸಹೃದಯರೇ, ಅಂಥ ರಮಣೀಯ ಪ್ರಶಾಂತಿಯ ನಡುವೆ ನಲ್ಲಿಯ ಮುಂದೆ ನಿಂತಿದ್ದ ಅವಳಿಗೆ ತನ್ನ ಅಂಗೈ ನೋಡಿಯೇ ವಾಕರಿಕೆ ಬರುತ್ತಿತ್ತು! ಬೆರಳ ಸಂದಿಯಿಂದ ಕಪ್ಪು ನೀರು ಸೋರುತ್ತಿತ್ತು.

ಮಡಕೆಗಳಿಗೆ ಮೆರುಗು ಬಳಿಯುವವಳು ಅವಳು. ಬೆಂಕಿ ನೋಡಿಕೊಳ್ಳುವವನು ಅವನು. ಮದುವೆಯ ಮಾತು ನಿಶ್ಚಯವಾದ ದಿನ, ಜಪಾನಿನ ರಾಕು ಪದ್ಧತಿಯಲ್ಲಿ ಇಬ್ಬರೂ ಸೇರಿ ಒಂದು ಬಟ್ಟಲು ಸುಟ್ಟಿದ್ದರು. ಅವಳು ಉಸಿರು ಬಿಗಿಹಿಡಿದು ಬಿಳಿಯ ಮೆರುಗು ಬಳಿದಿದ್ದಳು. ಕೆಂಡದಂತೆ ಕೆಂಪಾದ ಅದನ್ನು ಅವನು ಇಕ್ಕಳದಿಂದೆತ್ತಿ, ಮರದ ಹೊಟ್ಟು ತುಂಬಿದ ಡಬ್ಬಕ್ಕೆ ಇಳಿಸಿ ಮುಚ್ಚಳ ಹಾಕಿದ್ದ. ಆ ಉಸಿರುಗಟ್ಟಿದ ಕತ್ತಲಲ್ಲಿ ಹೊಗೆಯು ಮೆರುಗಿನ ಬಿರುಕುಗಳಿಗಿಳಿದು ಕಪ್ಪು ಗೆರೆಗಳಾಗಿ ಚಿರಕಾಲ ನೆಲೆಸುತ್ತದೆ. ಎಷ್ಟು ತೊಳೆದರೂ ಹೋಗದು. ತಣ್ಣಗಾಗಲಿ, ನಾಳೆ ಕೊಡುತ್ತೇನೆ ಎಂದಿದ್ದ. ಮರುದಿನ ಕೊಟ್ಟೂ ಇದ್ದ.

ಇಂದು ಆ ಬಟ್ಟಲನ್ನು ಮೊದಲ ಸಲ ಸೋಪು ಹಾಕಿ ತೊಳೆದಳು. ಗೆರೆಗಳು ಕರಗಿ ಹರಿದವು!

"ಇದು ಹೊಗೆ ಅಲ್ಲ, ಮಸಿ," ಎಂದಳು ಅವಳು, ಪಕ್ಕದಲ್ಲಿ ನಿಂತಿದ್ದ ಅವನಿಗೆ.

ಅವನ ಮುಖ ಬಾಡಿತು. "ತಡೆಯೋಕಾಗದೆ ಮುಚ್ಚಳ ಬೇಗ ತೆಗೆದು ತಣ್ಣೀರು ಸುರಿದುಬಿಟ್ಟೆ. ಒಡೆದುಹೋಯ್ತು. ಅದೇ ಅಚ್ಚಿನದು ಇನ್ನೊಂದಿತ್ತು... ನಿನಗೆ ಬೇಜಾರಾಗಬಾರದು ಅಂತ ಅದರ ಬಿರುಕಿಗೆ ಬರೆಯೋ ಮಸಿ ತುಂಬಿದೆ."

"ಚೂರು ತಂದುಕೊಟ್ಟಿದ್ರೆ ಒಂದು ಗಳಿಗೆ ಅಳ್ತಿದ್ದೆ, ಅಷ್ಟೇ. ನಾನು ಇದಕ್ಕೆ ಮುತ್ತು ಕೊಡೋವಾಗ ನೀನು ನೋಡ್ತಾ ನಗ್ತಿದ್ದೆಯಲ್ಲ!"

"ಒಂದು ಬಟ್ಟಲಿಗೋಸ್ಕರ ಮದುವೆ ಬೇಡ ಅಂತೀಯಾ?" ಎಂದು ಅವನು ನಕ್ಕ... ಅದೇ ನಗು!

ಅವಳಿಗೆ ಮೈಯೆಲ್ಲ ಮುಳ್ಳೆದ್ದಿತು. ಅಂದು ತನ್ನ ತುಟಿಗೆ ಹತ್ತಿದ್ದೂ ಈ ಮಸಿಯೇ ಎಂದು ನೆನೆದು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಥೂ! ಬೇಡ," ಎಂದಳು. ಬಟ್ಟಲನ್ನು ಅವನ ಕೈಯಲ್ಲೇ ಇಟ್ಟಳು.

ಅವನು ಗೇಟು ದಾಟಿದ ಮೇಲೆ ಬೂದಿಯ ಗುಡ್ಡೆ ಕೆದಕಿದಳು. ಒಡೆದ ಆ ಮೊದಲ ಬಟ್ಟಲಿನ ಒಂದು ಚೂರು ಸಿಕ್ಕಿತು. ತೊಳೆದಳು, ನೀರು ತಿಳಿಯಾಗಿಯೇ ಹರಿಯಿತು, ಕಪ್ಪು ಗೆರೆಗಳು ಇದ್ದಲ್ಲೇ ಇದ್ದವು. ಆಗ ಅತ್ತಳು.

ಅಸಹ್ಯವನ್ನು ನಾವು ಪ್ರೀತಿಯ ಹಗೆಯೆಂದು ಬಗೆಯುತ್ತೇವೆ. ಆದರೆ ತಾವು ಒಲಿಯದವರ ಸುಳ್ಳಿಗೆ ಯಾರು ಹೇಸುತ್ತಾರೆ? ಮನಸಾರೆ ಮುತ್ತಿಟ್ಟ ತುಟಿಗಷ್ಟೇ ಮಸಿಯ ಕಹಿ ತಿಳಿಯುವುದು... ಆ ಕಹಿ ಬಹಳ ದಿನ ಹೋಗುವುದಿಲ್ಲ.