ಮೊದಲ ಸಾಲಿನ ದೇವಿ

ಬೆಳಿಗ್ಗೆ ಐದೂ ಮುಕ್ಕಾಲಿಗೆ ಭವಾನಿಗೆ ಫೋನ್ ಬಂತು. ಗುಡಿಯ ಬಾಗಿಲು ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಎಂದು ಒಬ್ಬ ಹೆಂಗಸು ಕೇಳಿದಳು.

"ಇದು ಗುಡಿ ಅಲ್ರೀ ಅವ್ವಾರ. ರೈಸ್ ಮಿಲ್ಲು."

"ಹುಲಿಗೆಮ್ಮನ ಗುಡಿ ಅಲ್ಲೇನ್ರಿ?"

"ಗುಡಿ ಹುಲಿಗ್ಯಾಗ ಐತ್ರಿ. ನಾವು ಗಂಗಾವತ್ಯಾಗ ಅದೀವಿ. ಅಕ್ಕಿ ಮಾರ್ತೀವ್ರಿ."

ಆಚೆಯವಳು ಬಿಡಲಿಲ್ಲ. "ಹಂಗಾದ್ರ ಉಡಿ ತುಂಬೂ ಅಕ್ಕಿ ನಿಮ್ಮಲ್ಲೇ ಸಿಗ್ತಾವೇನ್ರಿ?"

ಭವಾನಿ ಫೋನ್ ಇಟ್ಟಳು. ನಾಡಿದ್ದು ಹುಣ್ಣಿಮೆ, ಹುಲಿಗೆಮ್ಮನ ಗುಡಿಗೆ ಜನ ಮುಗಿಬೀಳುವ ದಿನ. ಇವತ್ತಿನಿಂದಲೇ ಶುರುವಾಯಿತಲ್ಲ ಎಂದು ಹಣೆ ಚಚ್ಚಿಕೊಂಡಳು.

ಅದು 2013ರ ಸೆಪ್ಟೆಂಬರ್. ವಿರೂಪಾಕ್ಷಪ್ಪನವರ ರೈಸ್ ಮಿಲ್ಲಿಗೆ ವೆಬ್‌ಸೈಟ್ ಆಗಿ ನಾಲ್ಕು ತಿಂಗಳಾಗಿತ್ತು. ಮಾಡಿಸಿದವಳು ಸೊಸೆ ಭವಾನಿ. ದಲ್ಲಾಳಿಗಳ ಕೈಗೆ ಸಿಗದೆ ಹೊರ ಊರಿನ ವ್ಯಾಪಾರಿಗಳಿಗೆ ನೇರ ಅಕ್ಕಿ ಕಳಿಸಬಹುದು ಎಂದು ಮಾವನ ಬೆನ್ನು ಹತ್ತಿ ಒಪ್ಪಿಸಿದ್ದಳು. ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತ ಬಿಟ್ಟುಹೋಗಿದ್ದ ಕುರ್ಚಿಯ ಮೇಲೆ ಕೂತಿದ್ದಳು. ಬಿ.ಕಾಂ. ಓದಿ ಆರು ವರ್ಷ ರೊಟ್ಟಿ ಬಡಿದ ಮೇಲೆ ಸಿಕ್ಕ ಕುರ್ಚಿ ಅದು. ಮಾವ ಒಪ್ಪುವಾಗಲೇ ಒಂದು ಗಡುವನ್ನೂ ಹಾಕಿದ್ದರು. "ದೀಪಾವಳಿ ಲಕ್ಷ್ಮಿ ಪೂಜಿತನಾ ನೋಡೂಣವಾ. ಒಂದ್ ಲೋಡ್ ಆದ್ರೂ ಅದರಿಂದ ಹೋತಂದ್ರ ಕುರ್ಚಿ ನಿಂದು. ಇಲ್ಲಂದ್ರ ಕಂಪ್ಯೂಟರ್ ಮುಚ್ಚಿ ಮನಿ ಕಡೆ ನೋಡು."

ಲೋಡ್ ಹಾಳಾಗಲಿ, ಅಕ್ಕಿಯ ರೇಟು ಕೇಳಿಯೂ ಒಂದು ಫೋನ್ ಬಂದಿರಲಿಲ್ಲ. ಬಂದವೆಲ್ಲ ಭಕ್ತರವು. ಮುನಿರಾಬಾದಿನಿಂದ ಗುಡಿಗೆ ಎಷ್ಟು ದೂರ, ಉಳಿಯಲು ಖೋಲಿ ಸಿಗುತ್ತದೆಯೇ, ಮಗುವಿನ ಜವಳ ಅಲ್ಲೇ ತೆಗೆಸಬಹುದೇ. ಮೊದಮೊದಲು ಸಮಾಧಾನದಿಂದ ಹೇಳುತ್ತಿದ್ದಳು. ಈಗ ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದಳು.

ಅವತ್ತು ಹತ್ತು ಗಂಟೆಗೆ ಗೋವಿಂದರಾಜನ ಅಂಗಡಿಗೆ ಹೋದಳು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನದು ಡಿಟಿಪಿ ಅಂಗಡಿ. ಲಗ್ನಪತ್ರ, ಬಿಲ್ ಪುಸ್ತಕ, ಬ್ಯಾನರ್ ಮಾಡುತ್ತಿದ್ದವನು ಈಚೆಗೆ ವೆಬ್‌ಸೈಟ್‌ಗಳನ್ನೂ ಮಾಡುತ್ತಿದ್ದ. ಮಿಲ್ಲಿನದನ್ನೂ ಅವನೇ ಮಾಡಿದ್ದ.

"ಗೋವಿಂದರಾಜ, ನಮ್ಮ ಮಿಲ್ ಹುಡುಕಿದ್ರ ಏನ್ ಬರ್ತೈತಿ, ನನ್ ಮುಂದ ಟೈಪ್ ಮಾಡು."

"ಮೊದಲನೇ ಪೇಜಿನ್ಯಾಗ ಬರ್ತೀರ್ರೀ ಅಕ್ಕಾರ!" ಎಂದು ಅವನು ಉತ್ಸಾಹದಿಂದ ಹುಲಿಗೆಮ್ಮ ಎಂದು ಟೈಪ್ ಮಾಡಿದ. ನಿಜವಾಗಿಯೂ ಬಂತು. ನೀಲಿ ಅಕ್ಷರದ ಸಾಲಿನಲ್ಲಿ 'ಶ್ರೀ ಹುಲಿಗೆಮ್ಮ ದೇವಿ ಪ್ರಸನ್ನ'. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಸರ್ವರಿಗೂ ಆದರದ ಸ್ವಾಗತ. ತಮ್ಮ ಆಗಮನವೇ ನಮಗೆ ಆಶೀರ್ವಾದ'. ಎರಡೂ ಇಂಗ್ಲಿಷ್ ಅಕ್ಷರಗಳಲ್ಲಿ. ಅಕ್ಕಿಯ ಸುಳಿವೇ ಇರಲಿಲ್ಲ.

"ಹುಲಿಗೆಮ್ಮನ್ನ ಯಾಕ್ ಹುಡುಕ್ತಿ? ಗಂಗಾವತಿ ಸೋನಾ ಮಸೂರಿ ಅಂತ ಹುಡುಕು."

ಹುಡುಕಿದ. ಮೊದಲ ಪುಟದಲ್ಲಿ ಇಲ್ಲ. ಎರಡನೆಯದರಲ್ಲಿ ಇಲ್ಲ. ಎಂಟನೆಯ ಪುಟಕ್ಕೆ ಬಂದು ಗೋವಿಂದರಾಜನೇ ಕೈ ಬಿಟ್ಟ.

"ಈ ನೀಲಿ ಸಾಲು ಎಲ್ಲಿಂದ ಬಂತು?"

"ಅದು ಟೈಟಲ್ ಟ್ಯಾಗ್ ರೀ. ಹುಡುಕೂ ಮಶಿನ್ನು ಮೊದಲ ಅದನ್ನ ಓದತೈತಿ. ಮ್ಯಾಲಿನ ಸಾಲಲ್ರಿ, ಅದಕ್ಕ ದೇವರ ಹೆಸರು ಹಾಕೀನಿ. ಯಾವ ಕಾರ್ಡ್ ಆದ್ರೂ ಮ್ಯಾಲ ದೇವರ ಇರ್ಬೇಕಲ್ರೀ?"

"ಇದು ಲಗ್ನಪತ್ರ ಏನ?"

"ಅಲ್ರೀ. ಆದ್ರ ಪದ್ಧತಿ ಅಂತ ಒಂದ್ ಇರ್ತೈತಲ್ರೀ."

"ಆದರದ ಸ್ವಾಗತ?"

"ಡಿಸ್ಕ್ರಿಪ್ಷನ್ ಜಾಗಾ ಖಾಲಿ ಇತ್ತು, ಛಲೋ ಕಾಣ್ತೈತಿ ಅಂತ..." ಅವನ ದನಿ ಸಣ್ಣದಾಯಿತು.

ಹುಡುಕುವವರಿಗೆ ಸಿಗಲೆಂದು ಮುಖ್ಯ ಪದಗಳನ್ನು ತುಂಬುವ ಕೀವರ್ಡ್ ಜಾಗದಲ್ಲಿ ಏನಿದೆ ಎಂದು ಭವಾನಿ ಕೇಳಿದಳು. ಅವನು ತೆರೆದು ತೋರಿಸಿದ. ವಿರೂಪಾಕ್ಷಪ್ಪನವರ ತಂದೆ, ದೊಡ್ಡಪ್ಪ, ಮೂವರು ತಮ್ಮಂದಿರು, ಅವರ ಮಕ್ಕಳು, ಕಾರಟಗಿಯ ಬೀಗರು, ಎಲ್ಲರೂ ಹಿರಿತನದ ಪ್ರಕಾರ ಸಾಲಾಗಿ ನಿಂತಿದ್ದರು.

"ಮುಖ್ಯ ಹೆಸರು ಕೊಡ್ರಿ ಅಂದೆ. ದೊಡ್ಡೋರು ಇವನ್ನ ಬರಸಿದ್ರು."

"ನನ್ ಹೆಸರು ಎಲ್ಲೈತಿ?"

"ಸೊಸಿಯಂದ್ರ ಹೆಸರು ಕಾರ್ಡಿನ್ಯಾಗ ಹಾಕೂದಿಲ್ಲಲ್ರೀ ಅಕ್ಕಾರ."

ಅವಳಿಗೆ ನಗಬೇಕೋ ಅವನ ಕೀಬೋರ್ಡನ್ನು ಓಣಿಗೆ ಎಸೆಯಬೇಕೋ ತಿಳಿಯಲಿಲ್ಲ. ಮೇಲಿನ ಆ ನೀಲಿ ಸಾಲನ್ನು ತೆಗೆದು ಅಕ್ಕಿ ಎಂದು ಬರೆ ಎಂದಳು. ಗೋವಿಂದರಾಜ ಮೌಸ್‌ನಿಂದಲೇ ಕೈ ತೆಗೆದುಬಿಟ್ಟ. ದೇವಿಯ ಹೆಸರನ್ನು ತೆಗೆಯಲು ದೊಡ್ಡವರ ಬಾಯಿಂದ ಮಾತು ಬರಬೇಕು, ತಾನೊಬ್ಬನೇ ಆ ಪಾಪ ಕಟ್ಟಿಕೊಳ್ಳುವುದಿಲ್ಲ ಎಂದ.

ದೊಡ್ಡವರು ಮಿಲ್ಲಿನಲ್ಲಿ ತೌಡಿನ ಚೀಲಗಳ ಲೆಕ್ಕ ನೋಡುತ್ತಿದ್ದರು. ಭವಾನಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವರು ಪೂರ್ತಿ ಕೇಳಿ ನಕ್ಕರು.

"ದೇವಿ ಹೆಸರ ಹೇಳಿ ದಿನಾ ಮಂದಿ ನಮಗ ಫೋನ್ ಮಾಡ್ತಾರಂದ್ರ ಪುಣ್ಯೇನ ಕಮ್ಮಿ ಐತೇನವಾ?"

"ಪುಣ್ಯ ಬರ್ತೈತ್ರೀ ಮಾವಾರ, ವ್ಯಾಪಾರ ಬರವಲ್ದು."

"ಬಿಲ್ಲಿನ ಮ್ಯಾಲ ಆಕಿ ಹೆಸರೈತಿ. ಲಾರಿ ಮ್ಯಾಲೈತಿ. ತೂಕದ ಕಾಟಾ ಮ್ಯಾಲೈತಿ. ಅಲ್ಲೆಲ್ಲಾ ವ್ಯಾಪಾರ ನಿಂತೈತೇನು?"

"ಚೀಲದ ಮ್ಯಾಲ ಯಾಕ ಹಾಕ್ಸಿಲ್ರಿ ಹಂಗಾದ್ರ?"

"ಖಾಲಿ ಚೀಲ ಕಾಲಾಗ ಬರ್ತಾವ. ಮಂದಿ ಕಾಲೊರಸಾಕ ಹಾಕ್ಕೊಂತಾರ."

"ಅದಕ್ಕ ಅಲ್ಲಿ ಬರೇ ಸೋನಾ ಮಸೂರಿ ಅಂತ ಹಾಕ್ಸೀರಿ. ಇಲ್ಲೂ ಹಂಗ ಹಾಕೂಣ್ರಿ."

"ಕಂಪ್ಯೂಟರ್ ಏನ್ ಕಾಲಾಗ ಬರ್ತೈತೇನ?" ಎಂದು ಮಾವ ಗೆದ್ದವರಂತೆ ಎದ್ದರು. "ಆಕಿನ್ನ ತಗದು ಅಕ್ಕಿ ಮಾರೂ ಹಣೇಬರಾ ನಮಗ ಬ್ಯಾಡ. ದೀಪಾವಳಿ ಇನ್ನೂ ದೂರೈತಿ. ನೋಡೂಣು."

ಗಂಡ ಶರಣಕುಮಾರನಿಗೆ ಹೇಳಿದಳು. ಅವನು ರೊಟ್ಟಿ ಮುರಿಯುತ್ತಾ, "ನೀ ಹೇಳೂದು ಖರೇ ಐತಿ. ಅಪ್ಪಾರನ್ನ ಕೇಳು" ಎಂದ. ಕೇಳಿಯೇ ಬಂದಿದ್ದೇನೆ ಎಂದರೆ, "ಹಂಗಾದ್ರ ನಾ ಏನ್ ಹೇಳಲಿ?" ಎಂದ.

ಬುಧವಾರ ಭವಾನಿ ಮತ್ತೆ ಗೋವಿಂದರಾಜನ ಅಂಗಡಿಗೆ ಹೋದಳು. ಈ ಸಲ ನಿಂತುಕೊಂಡೇ ಮಾತಾಡಿದಳು.

"ವೆಬ್‌ಸೈಟಿನ್ಯಾಗಿನ ಫೋನ್ ನಂಬರ್ ಬದಲಿ ಮಾಡಾಕ ದೊಡ್ಡೋರ ಅಪ್ಪಣಿ ಬೇಕೇನು?"

"ಅದ್ಯಾಕ್ರಿ? ಅದು ನಿಮ್ದ ನಂಬರ್."

"ನಂದು ತಗಿ. ಮಾವಾರದ್ದು ಹಾಕು."

ಗೋವಿಂದರಾಜ ಅವಳ ಮುಖ ನೋಡಿದ. "ಅಕ್ಕಾರ, ನಾಳಿ ಹುಣ್ಣಿವಿ ಐತ್ರಿ."

"ಗೊತ್ತೈತಿ. ದಪ್ಪ ಅಕ್ಷರದಾಗ ಹಾಕು."

ಹುಣ್ಣಿಮೆಯ ದಿನ ವಿರೂಪಾಕ್ಷಪ್ಪನವರಿಗೆ ಮೊದಲ ಫೋನ್ ಬಂದದ್ದು ಸ್ನಾನಕ್ಕೂ ಮೊದಲು. ಅವರು ಖುಷಿಯಿಂದ ಮಾತಾಡಿದರು. ಯಾವ ಊರು, ಯಾರ ಪೈಕಿ ಎಂದು ವಿಚಾರಿಸಿದರು, ದಾರಿ ಹೇಳಿದರು. ಎರಡನೆಯವರಿಗೂ ಹೇಳಿದರು. ತಿಂಡಿಯ ಹೊತ್ತಿಗೆ ಸೊಸೆಯ ಕಡೆ ನೋಡಿ, "ನಿನ್ ಫೋನ್ ಯಾಕ ಬಡಕೊಳ್ಳವಲ್ದು?" ಎಂದರು. ನಂಬರ್ ಬದಲಿಸಿದ್ದನ್ನು ಭವಾನಿ ಮುಚ್ಚಿಡಲಿಲ್ಲ. "ಪುಣ್ಯ ಹಿರೇರಿಗೆ ಬರ್ಲಿ ಅಂತ ಹಾಕ್ಸೀನ್ರಿ" ಎಂದಳು. ಮಾವ ಗುರ್ರೆಂದರು. ಅಷ್ಟರಲ್ಲಿ ಮತ್ತೆ ಫೋನ್ ಬಂತು.

ಮಿಲ್ಲಿಗೆ ಹೋದ ಮೇಲೂ ನಿಲ್ಲಲಿಲ್ಲ. ಅತ್ತ ಶರಣಕುಮಾರ ನವಲಿಯಲ್ಲಿ ಬೇಸಿಗೆ ಬೆಳೆಯ ಹಳೇ ಭತ್ತದ ರಾಶಿಯ ಮುಂದೆ ನಿಂತು ರೇಟು ಕೇಳಲು ಅಪ್ಪನಿಗೆ ಫೋನ್ ಮಾಡುತ್ತಲೇ ಇದ್ದ. ಪ್ರತಿ ಸಲವೂ ಲೈನ್ ಬಿಜಿ. ಭತ್ತ ಬೇರೆಯವರ ಪಾಲಾಯಿತು. ಮಧ್ಯಾಹ್ನ ಸಿಡಿಮಿಡಿಗೊಂಡು ಮಿಲ್ಲಿಗೆ ಬಂದ. "ಮುಂಜಾನಿಂದ ಯಾರ ಜೋಡಿ ಮಾತಾಡಾಕತ್ತೀರಪ್ಪಾ?"

ಆಗಲೇ ಮತ್ತೊಂದು ಫೋನ್. ವಿರೂಪಾಕ್ಷಪ್ಪ ಪೂರಾ ಕೇಳುವ ಮೊದಲೇ ಸಿಡಿದರು. "ಇದು ಗುಡಿ ಅಲ್ಲಬೇ! ಎಷ್ಟ್ ಸಲ ಹೇಳ್ಬೇಕು? ಇಡು ಫೋನು!"

ಆಚೆಯ ಮುದುಕಿ ಇಡಲಿಲ್ಲ. ಅವಳ ಮಾತು ಮೇಜಿನಾಚೆ ಕೂತಿದ್ದ ಭವಾನಿಗೂ ಕೇಳಿಸಿತು. "ಸಿಟ್ಟಾಗಬ್ಯಾಡೋ ಯಪ್ಪಾ. ಆಕಿ ಹೆಸರಿತ್ತು ಅಂತ ಫೋನ್ ಹಚ್ಚಿಸ್ದೆ. ಆಕಿ ಹೆಸರ ಹಾಕ್ಕೊಂಡು ಹಿಂಗ ಬೈಬಾರ್ದು ನೋಡು."

ಫೋನ್ ಕಟ್ಟಾಯಿತು. ವಿರೂಪಾಕ್ಷಪ್ಪ ಅದನ್ನು ಮೇಜಿನ ಮೇಲೆ ಮಗುಚಿ ಇಟ್ಟರು. ಶರಣಕುಮಾರ ಭತ್ತದ ವಿಷಯವನ್ನು ಮತ್ತೆ ಎತ್ತಲಿಲ್ಲ.

"ದೇವಿ ಹೆಸರ ಹೇಳಿ ನಾವ ಕರದು, ಬಂದೋರ್ನ ಬಾಗಲದಾಗಿಂದ ಹೊಳ್ಳಿಸಿ ಕಳಿಸಿದಂಗಾತು" ಎಂದು ಕೊನೆಗೆ ಅವರೇ ಹೇಳಿದರು. "ಅದು ಪಾಪ. ಅಕ್ಕಿ ಹೋಗ್ಲಿ ಬಿಡ್ಲಿ, ಇದು ಬ್ಯಾಡ. ನಡಿಯವಾ, ಎಲ್ಲೈತಿ ಅವನ ಅಂಗಡಿ?"

ಗೋವಿಂದರಾಜ ದೊಡ್ಡವರನ್ನು ಕಂಡು ಎದ್ದು ನಿಂತ. ದೊಡ್ಡವರೇ ಹೇಳಿದರೂ ದೇವಿಯನ್ನು ಪೂರಾ ತೆಗೆಯಲು ಅವನು ಹಿಂಜರಿದ. ಭವಾನಿ ದಾರಿ ಹೇಳಿದಳು. ಪುಟ ತೆರೆದ ಕೂಡಲೇ ಮೇಲೆ ದೇವಿಯ ಚಿತ್ರ ಇರಲಿ, ಹೆಸರು ಆ ಚಿತ್ರದೊಳಗೇ ಇರಲಿ. ಹುಡುಕುವ ಯಂತ್ರ ಚಿತ್ರದೊಳಗಿನ ಅಕ್ಷರ ಓದುವುದಿಲ್ಲ. ಬಂದವರಿಗೆ ಕಾಣುತ್ತದೆ, ದಾರಿ ತಪ್ಪಿಸುವುದಿಲ್ಲ. ವಿರೂಪಾಕ್ಷಪ್ಪ ತಲೆದೂಗಿದರು.

ಟೈಟಲ್ಲನ್ನು ಭವಾನಿಯೇ ಹೇಳಿ ಬರೆಸಿದಳು. ಸೋನಾ ಮಸೂರಿ ಅಕ್ಕಿ, ರೈಸ್ ಮಿಲ್, ಗಂಗಾವತಿ, ಕೊಪ್ಪಳ ಜಿಲ್ಲೆ. ಕೆಳಗಿನ ಸಾಲಿನಲ್ಲಿ ಹಳೇ ಅಕ್ಕಿ, ಹೊಸ ಅಕ್ಕಿ, ಇಪ್ಪತ್ತೈದು ಕೆಜಿ ಚೀಲ, ಲಾರಿ ಲೋಡಿನ ಲೆಕ್ಕದಲ್ಲಿ ಮಾರಾಟ.

"ಈ ಕೀವರ್ಡಿನ ಹೆಸರು ಏನ್ ಮಾಡ್ಲಿರೀ?" ಎಂದು ಗೋವಿಂದರಾಜ ಕೇಳಿದ.

ಮಾವನ ಮುಖದ ಮೇಲೆ ಕಳವಳ ಕಂಡಿತು. ಬೀಗರ ಹೆಸರು ತೆಗೆದರೆ ಕಾರಟಗಿಗೆ ಸುದ್ದಿ ಮುಟ್ಟಿಯೇ ಮುಟ್ಟುತ್ತದೆ ಎಂಬ ಕಳವಳ. ಗೂಗಲ್ ಆ ಸಾಲನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂದು ಭವಾನಿ ಓದಿದ್ದಳು.

"ಅವು ಇರ್ಲಿ ಬಿಡು" ಎಂದಳು. "ಯಾರಿಗೂ ತ್ರಾಸಿಲ್ಲ."

ಭಕ್ತರ ಫೋನ್‌ಗಳು ನಿಧಾನವಾಗಿ ಕಡಿಮೆಯಾದವು. ನಂಬರನ್ನು ಹಿಂದಿನಂತೆ ಮಾಡಲು ಮಾತ್ರ ಎಲ್ಲರೂ ಮರೆತಿದ್ದರು. ಅಕ್ಟೋಬರ್ ನಡುವೆ ಒಂದು ಬೆಳಿಗ್ಗೆ, ಗುರುತಿಲ್ಲದ ನಂಬರ್ ಕಂಡು ವಿರೂಪಾಕ್ಷಪ್ಪ ಫೋನ್ ಎತ್ತಿದವರೇ, "ಗುಡಿ ಹುಲಿಗ್ಯಾಗ ಐತ್ರಿ, ಕಾಯಿ ಕರ್ಪೂರ ಎಲ್ಲಾ ಅಲ್ಲೇ ಸಿಗ್ತಾವ" ಎಂದು ಇಟ್ಟುಬಿಟ್ಟರು. ಎರಡು ನಿಮಿಷಕ್ಕೆ ಅದೇ ನಂಬರ್ ಮತ್ತೆ ಬಂತು. ಭವಾನಿ ಎದ್ದು ಬಂದು ಮಾವನ ಕೈಯಿಂದ ಫೋನ್ ಕಸಿದುಕೊಂಡಳು. ಸೊಲ್ಲಾಪುರದ ಕಿರಾಣಿ ಸಗಟು ವ್ಯಾಪಾರಿ. ಮೊದಲು ಮಾತಾಡಿದವರು ಯಾರು ಎಂದು ಹಿಂದಿಯಲ್ಲಿ ಕೇಳಿದ. ಮಾಲಕರು ಎಂದಳು. ಆಮೇಲೆ ಹಳೇ ಅಕ್ಕಿಯ ರೇಟು ಹೇಳಿದಳು.

ಲಾರಿ ದೀಪಾವಳಿಗೆ ನಾಲ್ಕು ದಿನ ಮೊದಲು ಸೊಲ್ಲಾಪುರಕ್ಕೆ ಹೊರಟಿತು. ಮುಂದಿನ ಗಾಜಿನ ಮೇಲೆ ದೇವಿಯ ಹೆಸರಿತ್ತು. ಲಕ್ಷ್ಮಿ ಪೂಜೆಯ ಮರುದಿನ ಭವಾನಿ ಹತ್ತು ಗಂಟೆಗೆ ಆಫೀಸಿಗೆ ಬಂದು, ಅದೇ ಕುರ್ಚಿಯ ಮೇಲೆ ಕೂತು ಕಂಪ್ಯೂಟರ್ ಹಚ್ಚಿದಳು.