ಸಿಂಪಿಗ ಹಕ್ಕಿ ಹೊಲಿದ ಎಲೆ

ಎರಡು ಎಲೆ ಒಂದಕ್ಕೊಂದು ಅಂಟಿಕೊಂಡಿವೆ, ಅಲ್ಲ, ಅಂಟಿದ್ದಲ್ಲ, ಹೊಲಿದದ್ದು — ಜನ್ನತಬಿಯ ಕೈಯ ದೊಡ್ಡ ಕತ್ತರಿ ದಾಸವಾಳದ ಬೇಲಿಯ ಮೇಲೆ ಬಾಯಿ ತೆರೆದು ಹಾಗೇ ನಿಂತಿತು, ಇನ್ನೊಂದು ಅಂಗುಲ ಮುಂದೆ ಹೋಗಿದ್ದರೆ, ಯಾ ಅಲ್ಲಾ, ಎಲೆಯ ಅಂಚಿಗೆ ಸಣ್ಣ ಸಣ್ಣ ತೂತು, ತೂತಿನಲ್ಲಿ ಬೂರುಗದ ಹತ್ತಿಯ ಎಳೆ, ಎಳೆ ಜಾರದಂತೆ ತುದಿಗೊಂದು ಉಂಡೆ, ನಲವತ್ತು ವರ್ಷ ಕೌದಿ ಹೊಲಿದ ಕೈ ತನ್ನದು, ಹಾನಗಲ್ಲಿನ ಅರ್ಧ ಊರು ತಾನು ಹೊಲಿದದ್ದನ್ನೇ ಹೊದ್ದು ಮಲಗುತ್ತದೆ, ಆದರೂ ಇಂಥ ಹೊಲಿಗೆ ಎಂದಾದರೂ ಬಂದಿತ್ತೇ, ಸೂಜಿಯಿಲ್ಲ, ಬೆರಳಿಲ್ಲ, ಯುದ್ಧ ಶುರುವಾದಾಗಿನಿಂದ ಅಂಗಡಿಯಲ್ಲಿ ದಾರದ ಉಂಡೆ ಕಣ್ಣಿಗೇ ಬೀಳುವುದಿಲ್ಲ, ಈ ಹಕ್ಕಿ ನೋಡಿದರೆ ಜೇಡನ ಬಲೆಯನ್ನೂ ಬಿಡದೆ ಎಳೆದು ತಂದಿದೆ — ಒಳಗೆ ಮೂರು ಮರಿ, ಇನ್ನೂ ಕಣ್ಣು ಬಿಟ್ಟಿಲ್ಲ, ತಾಯಿ ಪಕ್ಕದ ಕಣಗಿಲೆಯಲ್ಲಿ ಬಾಲ ಸೆಟೆಸಿ ಟುವ್ವಿ ಟುವ್ವಿ ಎಂದು ಬೈಯುತ್ತಿದೆ, ಇಷ್ಟೇ ಮೈಗೆ ಅಷ್ಟು ದನಿ, ಬೈಯಿ ತಾಯಿ, ಬೈಯಿ, ಗಂಡ ಖಾದರಸಾಬ ಈ ತೋಟದ ಮಾಲಿಯಾಗಿದ್ದಾಗ ಹೇಳುತ್ತಿದ್ದ, ಕತ್ತರಿ ಹಾಕೂ ಮೊದ್ಲ ಗಿಡದಾಗ ಇಣುಕಿ ನೋಡಬೇಕ, ಯಾರರ ಮನಿ ಮಾಡಿರ್ತಾರ — ಮಾಡಿರ್ತಾರ ಎನ್ನುತ್ತಿದ್ದ, ಹಕ್ಕಿಗೂ ಮನುಷ್ಯರ ಮರ್ಯಾದೆ, ಅವನು ತೀರಿಕೊಂಡ ಮೇಲೆ ಕತ್ತರಿ ಇವಳ ಕೈಗೆ ಬಂತು, ಇಣುಕುವ ಪುರುಸೊತ್ತು ಬರಲಿಲ್ಲ.

ಏ ಜನ್ನತಬಿ, ಇದೊಂದ ಗಿಡ ಯಾಕ ಬಿಟ್ಟಿ — ಪುರಸಭೆಯ ಕಾರಕೂನ ವಾದಿರಾಜರು, ಬಗಲಲ್ಲಿ ಕೊಡೆ, ಹಣೆಯ ತುಂಬ ಬೆವರು — ಹತ್ತಕ್ಕ ಸಾಹೇಬರು ಬರ್ತಾರ, ಬೇಲಿ ಹಗ್ಗ ಹಿಡಿದ್ಹಂಗ ಇರಬೇಕು, ಇಲ್ಲಂದ್ರ ನಾಳಿಂದ ಬ್ಯಾರೆ ಮಾಲಿ ನೋಡ್ತೇನಿ — ನೋಡುತ್ತಾರೆ, ಮಾತಿಗೆ ತಪ್ಪುವವರಲ್ಲ, ನಾಳೆ ಒಲೆಗೆ ಏನಿಡುವುದು, ಬಾಯಿ ಮಾತ್ರ ತಾನೇ ಆಡಿಬಿಟ್ಟಿತು, ನಾ ಕತ್ತರಸಂಗಿಲ್ರಿ, ನೀವ ಒಮ್ಮೆ ಬಗ್ಗಿ ನೋಡ್ರಿ, ಆಮ್ಯಾಲೆ ಬೇಕಂದ್ರ ನೀವ ಕತ್ತರಸ್ರಿ. ಬಗ್ಗಿದರು, ರುಮಾಲು ಜಾರಿತು, ಹಿಡಿದುಕೊಂಡರು, ಏಳಲೇ ಇಲ್ಲ, ಏನ ಹೊಲಿಗಿ ಇದು, ನಮ್ಮ ಸಿಂಪಿಗೇರಗೂ ಬರೂದಿಲ್ಲಲ್ಲ, ಎಂದರು, ದನಿ ಕಚೇರಿಯದಲ್ಲ, ಯಾರದೋ, ಅಷ್ಟರಲ್ಲಿ ಗೇಟಿನಲ್ಲಿ ಮೋಟಾರು, ಬೂಟಿನ ಸದ್ದು, ವಾದಿರಾಜರು ಚಟ್ಟನೆ ಎದ್ದು ಆ ಕೆದರಿದ ಗಿಡಕ್ಕೆ ಬೆನ್ನು ಕೊಟ್ಟು ನಿಂತು ಕೊಡೆ ಬಿಚ್ಚಿದರು, ಬಿಸಿಲು ಭಾಳ ಅದ ಸಾಹೇಬ್ರ, ಎಂದರು, ಸಾಹೇಬರು ತಲೆಯಾಡಿಸಿ ಕಾರಂಜಿಯ ಕಡೆ ನಡೆದರು, ಹೋದರು, ಹೋಗಿಯೇಬಿಟ್ಟರು, ವಾದಿರಾಜರು ಮಾತ್ರ ಅಲ್ಲಾಡುತ್ತಿಲ್ಲ, ಜನ್ನತಬಿ ಉಸಿರಾಡುತ್ತಿಲ್ಲ, ಆ ಕರಿ ಕೊಡೆಯ ಕಡ್ಡಿಯ ತುದಿಗೆ ಬಂದು ಕುಳಿತಿದೆ ಅದು, ಕೊಕ್ಕಿನಲ್ಲಿ ಹಸಿರು ಹುಳು, ಹುಳು ಹೊರಳುತ್ತಿದೆ, ಬಾಲ ಮೇಲೆ, ಬಾಲ ಕೆಳಗೆ, ಬಾಲ ಮೇಲೆ —