ಖಾಲಿ ಡಿಸ್ಕಿನ ತೂಕ

ಗಂಟಲಿನ ಆಪರೇಷನ್ ಆಗಿ ಸೆವೆರಿನ್ ಅವರ ಧ್ವನಿಪೆಟ್ಟಿಗೆ ಹೋದ ಮೇಲೆ ಅವರ ಹೆಂಡತಿ ಲುತ್ಸಿನಾ ನನಗೆ ಫೋನ್ ಮಾಡಿ ಅತ್ತದ್ದು ಒಂದೇ ಸಲ. ಅದೂ ಗಂಡ ಮೂಕನಾದನೆಂದಲ್ಲ, ಅವನಿಗೆ ಹಿಯೆರೊನಿಮ್‌ನ ಧ್ವನಿ ಕೂರಿಸುತ್ತಾರಂತೆ ಎಂದು.

"ಆ ಹಿಯೆರೊನಿಮ್ ನನ್ನ ಅಡುಗೆಮನೇಲಿ ಕೂತು 'ಉಪ್ಪು ಕೊಡು' ಅಂದ್ರೆ ಉಪ್ಪಿನ ಡಬ್ಬಿ ತಗೊಂಡು ತಲೆಗೇ ಕುಟ್ತೀನಿ ಕಣೆ ಗ್ರಾಜಿನಾ," ಅಂದರು.

ಹಿಯೆರೊನಿಮ್ ಯಾರೆಂದು ತಿಳಿಯಬೇಕಾದರೆ ನಮ್ಮ ಕಸುಬು ತಿಳಿಯಬೇಕು. ಪೋಲೆಂಡಿನ ಟಿವಿಯಲ್ಲಿ ಹೊರದೇಶದ ಸಿನಿಮಾ ಬಂದರೆ ಒಬ್ಬನೇ ಗಂಡಸು ಎಲ್ಲರ ಮಾತನ್ನೂ ನಮ್ಮ ಭಾಷೆಯಲ್ಲಿ ಓದುತ್ತಾನೆ. ನಾಯಕ, ನಾಯಕಿ, ಕಳ್ಳ, ಹಸುಗೂಸು, ಸಾಯುತ್ತಿರುವ ಅಜ್ಜಿ, ಎಲ್ಲರಿಗೂ ಅವನದೇ ಬಾಯಿ. ಮೂಲದ ಮಾತು ಹಿಂದೆ ಸಣ್ಣಗೆ ಕೇಳುತ್ತಿರುತ್ತದೆ. ಓದುವವನು ಅಳಬಾರದು, ನಗಬಾರದು, ದನಿ ಏರಿಸಬಾರದು. ಕೊಲೆಯಾದರೂ ಒಂದೇ ರಾಗ, ಮದುವೆಯಾದರೂ ಒಂದೇ ರಾಗ. ನಮ್ಮ ವುಚ್ ನಗರದಲ್ಲಿ ಹೀಗೆ ಓದಿ ಹೆಸರು ಮಾಡಿದವರು ಇಬ್ಬರು. ಒಬ್ಬರು ಸೆವೆರಿನ್, ಇನ್ನೊಬ್ಬ ಹಿಯೆರೊನಿಮ್. ಒಬ್ಬರು ಓದಿದ ಸಿನಿಮಾ ಬಂದರೆ ಇನ್ನೊಬ್ಬರ ಮನೆಯಲ್ಲಿ ಟಿವಿ ಬಂದ್. "ಅವನು ಓದಲ್ಲ, ಮೂಗಲ್ಲಿ ಜೇನು ಸುರೀತಾನೆ," ಎಂದು ಸೆವೆರಿನ್ ಹೇಳುತ್ತಿದ್ದರು.

ನಾನು ಸೆವೆರಿನ್ ಓದುತ್ತಿದ್ದ ಸ್ಟುಡಿಯೋದಲ್ಲಿ ಧ್ವನಿ ನೋಡಿಕೊಳ್ಳುತ್ತಿದ್ದವಳು. ಸ್ಟುಡಿಯೋ ಮುಚ್ಚುವ ತನಕ ಗಾಜಿನ ಈಚೆ ನಾನು, ಆಚೆ ಅವರು.

ಈಗ ಆಸ್ಪತ್ರೆಯವರು ಅಂಗೈಯಗಲದ ಒಂದು ಯಂತ್ರ ಕೊಡುತ್ತಾರಂತೆ. ಬೇಕಾದ್ದನ್ನು ಟೈಪ್ ಮಾಡಿದರೆ ಅದು ಮಾತಾಡುತ್ತದೆ. ಅದರಲ್ಲಿರುವ ಗಂಡಸಿನ ಧ್ವನಿ ಒಂದೇ, ಅದನ್ನು ಓದಿಕೊಟ್ಟವನು ಹಿಯೆರೊನಿಮ್. ರೋಗಿಯ ಸ್ವಂತ ಧ್ವನಿಯನ್ನೂ ತಯಾರಿಸಬಹುದು, ಆದರೆ ಅದಕ್ಕೆ ಬೇರೆ ಸದ್ದು ಬೆರೆಯದ ಹಳೆಯ ಮಾತು ಸಾಕಷ್ಟು ಸಿಗಬೇಕು. ಟಿವಿಯಲ್ಲಿ ಬಂದ ಸಿನಿಮಾಗಳು ಉಪಯೋಗಕ್ಕಿಲ್ಲ. ಸೆವೆರಿನ್ ಬಾಯಿ ತೆಗೆದಲ್ಲೆಲ್ಲ ಹಿಂದೆ ಗುಂಡು ಹಾರುತ್ತಿರುತ್ತದೆ, ಇಲ್ಲ ಪಿಟೀಲು ಕುಯ್ಯುತ್ತಿರುತ್ತದೆ. ಈಸ್ಟರಿನೊಳಗೆ ತಂದುಕೊಡಿ, ಇಲ್ಲದಿದ್ದರೆ ಇದ್ದುದನ್ನೇ ಹಾಕುತ್ತೇವೆ ಎಂದಿದ್ದರು. ಸೆವೆರಿನ್ ಅದಕ್ಕೆ ತಮ್ಮ ಸ್ಲೇಟಿನಲ್ಲಿ ಬರೆದು ತೋರಿಸಿದ ಉತ್ತರವನ್ನು ಲುತ್ಸಿನಾ ನನಗೆ ಪೂರ್ತಿ ಹೇಳಲಿಲ್ಲ. ಕೊನೆಯ ಎರಡು ಪದ ಮಾತ್ರ 'ಮೂಕನಾಗೇ ಇರ್ತೀನಿ'.

"ಅಳಬೇಡಿ ಲುತ್ಸಿನಾ ಅವ್ರೇ," ಅಂದೆ. "ಸ್ಟುಡಿಯೋಗೆ ಸ್ಟುಡಿಯೋನೇ ನನ್ನ ಬಟ್ಟೆ ಕಪಾಟಲ್ಲಿದೆ."

ಸುಳ್ಳಲ್ಲ. ಸ್ಟುಡಿಯೋ ಮುಚ್ಚುವಾಗ ಮಾಲೀಕರೇ ಹೇಳಿ ಒಂದು ಪ್ರತಿ ಮಾಡಿಸಿದ್ದರು, ಆಮೇಲೆ ಕೇಳಲು ಬರಲೇ ಇಲ್ಲ. ನಾನು ಮಾಡಿದ್ದು ಫೈಲುಗಳನ್ನು ಆರಿಸಿ ತೆಗೆದ ಪ್ರತಿಯಲ್ಲ. ಸೆವೆರಿನ್ ಓದಿದ್ದು ದಾಖಲಾಗುತ್ತಿದ್ದ ಸ್ಟುಡಿಯೋ ಯಂತ್ರದ ಡಿಸ್ಕನ್ನು ಮೊದಲಿನಿಂದ ಕೊನೆಯ ತನಕ, ಇದ್ದದ್ದು ಇದ್ದ ಹಾಗೆ, ಖಾಲಿ ಜಾಗವನ್ನೂ ಬಿಡದೆ, ಒಂದೇ ಫೈಲಾಗಿ ಇಳಿಸಿ ಒತ್ತಿ ಗಂಟು ಕಟ್ಟಿದ್ದೆ. ಇದಕ್ಕೆ ಡಿಸ್ಕ್ ಇಮೇಜ್ ಅನ್ನುತ್ತಾರೆ. ಹೊಸ ಹುಡುಗರು ಆಗ ನಕ್ಕಿದ್ದರು. ಮೌಸ್ ಹಿಡಿದು ಹುಟ್ಟಿದವರು, ನಗಲಿ.

ಶನಿವಾರ ಬೆಳಿಗ್ಗೆ ಆ ಗಂಟಿದ್ದ ಡ್ರೈವ್ ಹಿಡಿದುಕೊಂಡು ಅವರ ಮನೆಗೆ ಹೋದೆ. ಅಂಗಳ ದಾಟಿ ಮೂರನೇ ಮಹಡಿ. ಸೆವೆರಿನ್ ಕುತ್ತಿಗೆಗೆ ರೇಷ್ಮೆ ವಸ್ತ್ರ ಸುತ್ತಿ, ಮಕ್ಕಳ ಸ್ಲೇಟು ನೇತುಹಾಕಿಕೊಂಡು ಬಾಗಿಲು ತೆಗೆದರು. ಸ್ಲೇಟಿನಲ್ಲಿ ಮೊದಲೇ ಬರೆದಿತ್ತು: 'ದಪ್ಪಗಾಗಿದ್ದೀಯ.'

"ನಿಮ್ಮ ನಾಲಿಗೆ ಮಾತ್ರ ಡಾಕ್ಟರ ಕೈಗೆ ಸಿಗ್ಲಿಲ್ಲ ನೋಡಿ," ಅಂದೆ. ಅವರ ಭುಜ ಕುಣಿಯಿತು. ಈಗ ಅವರು ನಗುವುದು ಭುಜದಲ್ಲಿ.

ನನ್ನ ಲ್ಯಾಪ್‌ಟಾಪಿನ ಹೊಟ್ಟೆ ಚಿಕ್ಕದು. ಆದ್ದರಿಂದ ಅಡುಗೆಮನೆಯ ಮೂಲೆಯಲ್ಲಿದ್ದ ಅವರ ಕಂಪ್ಯೂಟರಿನ ಮುಂದೆಯೇ ಕೂತೆ. ಅದಕ್ಕೆ ಲಿನಕ್ಸ್ ಹಾಕಿಕೊಟ್ಟವಳೂ ನಾನೇ. ಲುತ್ಸಿನಾ ಗಸಗಸೆ ಸುರುಳಿ ಕೇಕು ಕತ್ತರಿಸಿ ಇಟ್ಟರು, ಗಾಜಿನ ಲೋಟದಲ್ಲಿ ಚಹಾ ತಂದರು. ನಾನು ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿ ತೆರೆದೆ. ಬರೀ ಕಪ್ಪು, ಮೇಲೆ ಮಿಣುಕುವ ಒಂದು ಗೀಟು, ಅಷ್ಟೇ.

'ಚಿತ್ರವೇ ಇಲ್ಲದ ಸಿನಿಮಾ,' ಎಂದು ಸೆವೆರಿನ್ ಬರೆದರು.

ಮೊದಲು ಗಂಟು ಬಿಚ್ಚಬೇಕು. ಗಂಟು ಬಿಚ್ಚುವ ಕಮಾಂಡಿಗೆ ಒಂದು ಕೆಟ್ಟ ಚಾಳಿ ಇದೆ: ಒಳಗಿನದನ್ನು ಹೊರಗಿಟ್ಟ ಮೇಲೆ ಗಂಟನ್ನೇ ನುಂಗಿಬಿಡುತ್ತದೆ. 'ಉಳಿಸಿಕೋ' ಎಂದು ಒಂದಕ್ಷರ ಸೇರಿಸಿ ಹೇಳಬೇಕು. ಸೇರಿಸಿ ಕೀಲಿ ಒತ್ತಿದೆ. ಸ್ವಲ್ಪ ಹೊತ್ತು ಡಿಸ್ಕು ಗುರುಗುಟ್ಟಿತು, ಆಮೇಲೆ ಜಾಗವಿಲ್ಲ ಎಂದು ಕೈ ಎತ್ತಿತು.

"ಏನ್ ತುಂಬಿದೀರಿ ಇದ್ರಲ್ಲಿ?" ಅಂದೆ.

ತುಂಬಿದ್ದು ಅಣಬೆ. ಲುತ್ಸಿನಾ ಪ್ರತಿ ಶರತ್ಕಾಲದಲ್ಲಿ ಕಾಡಿಗೆ ಹೋಗಿ ಆರಿಸಿದ ಅಣಬೆಗಳ ಫೋಟೋ, ಬುಟ್ಟಿಯಲ್ಲಿ, ಹಾಸಿಗೆಯ ಮೇಲೆ, ಸೆವೆರಿನ್ ತಲೆಯ ಮೇಲೆ. ಯಾವ ಮರದ ಬುಡದಲ್ಲಿ ಸಿಕ್ಕಿತೆಂದು ತಂಗಿಗೂ ಹೇಳದ ಹೆಂಗಸು ಫೋಟೋಗಳನ್ನು ಮಾತ್ರ ಮೊಮ್ಮಕ್ಕಳ ಫೋಟೋಗಿಂತ ಜೋಪಾನವಾಗಿ ಇಟ್ಟಿದ್ದರು.

"ಅಳಿಸು," ಅಂದರು.

"ಎಲ್ಲಾನೂ?"

"ಅಣಬೆ ಮತ್ತೆ ಹುಟ್ಟುತ್ತೆ. ಅಳಿಸು ಅಂದ್ನಲ್ಲ. ... ತಡಿ, ಇವನ ಟೋಪಿಗಿಂತ ದೊಡ್ಡದು ಒಂದು ಇದೆ, ಅದೊಂದಿರ್ಲಿ."

ಈ ಸಲ ಗಂಟು ಪೂರ್ತಿ ಬಿಚ್ಚಿಕೊಂಡಿತು. ಇನ್ನು ಈ ಒಂದು ಫೈಲನ್ನೇ ನಿಜವಾದ ಡಿಸ್ಕು ಎಂದು ಕಂಪ್ಯೂಟರಿಗೆ ನಂಬಿಸಿ ಜೋಡಿಸಬೇಕು. ಜೋಡಿಸುವಾಗ 'ಓದಲು ಮಾತ್ರ' ಎಂದು ಸೇರಿಸಿದೆ. ಇಲ್ಲದಿದ್ದರೆ ಕಂಪ್ಯೂಟರು ನೋಡುವ ನೆಪದಲ್ಲಿ ಒಳಗೆ ಕೈಯಾಡಿಸುತ್ತದೆ. ಸೆವೆರಿನ್ ಪರದೆ ಓದಿ, ಅದು ಏನೆಂದು ಸನ್ನೆಯಲ್ಲೇ ಕೇಳಿದರು. ಹೇಳಿದೆ.

'ನನ್ನ ಕಸುಬೇ ಇದು,' ಎಂದು ಬರೆದರು. 'ಓದಬೇಕು. ಮುಟ್ಟಬಾರದು.'

ಆಮೇಲೆ ಒಳಗೆ ಏನಿದೆ ಎಂದು ಕಂಪ್ಯೂಟರನ್ನು ಕೇಳಿದೆ. ಟಿವಿಗೆ ಹೋದ ನಾಲ್ಕಾರು ಸಿನಿಮಾ, ಗುಂಡು ಪಿಟೀಲು ಸಮೇತ. ಸೆವೆರಿನ್ ಅವರ ಬರೀ ಧ್ವನಿ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ತಪ್ಪಾಗಿ ಬರೆದೆನೇನೋ ಎಂದು ಮತ್ತೆ ಕೇಳಿದೆ. ಸೊನ್ನೆ.

ತಿರುಗಿ ನೋಡಿದರೆ ಸೆವೆರಿನ್ ಸ್ಲೇಟನ್ನು ಎದೆಗೆ ಒತ್ತಿ ಹಿಡಿದಿದ್ದರು. ಲುತ್ಸಿನಾ ಎಳೆದು ತಿರುಗಿಸಿದರು. 'ನಾನೇ ಅಳಿಸಿದೆ. ಕೊನೇ ದಿನ.'

"ಯಾಕೆ?" ಅಂದೆವು ಇಬ್ಬರೂ.

ಅವರು ಒರೆಸಿ ಬರೆದರು. 'ಸ್ಟುಡಿಯೋ ಯಂತ್ರ ಹಿಯೆರೊನಿಮ್ ಕೊಳ್ತಾನೆ ಅಂತ ಸುದ್ದಿ ಇತ್ತು. ನನ್ನ ಕೆಮ್ಮು, ಬೈಗುಳ ಕೇಳಿ ನಗ್ತಾನೆ ಅಂತ.' ಮತ್ತೆ ಒರೆಸಿದರು. 'ಅವನ ಕಿವಿಗೆ ಬೀಳಬಾರ್ದು ಅಂತ ಅಳಿಸಿದೆ. ಈಗ ಅವನೇ ನನ್ನ ಬಾಯಲ್ಲಿ ಬಂದು ಕೂರ್ತಾನೆ.'

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆ, ಆದರೆ ಅವರು ಕುತ್ತಿಗೆಯ ವಸ್ತ್ರ ಸರಿಮಾಡಿಕೊಳ್ಳುತ್ತಿದ್ದ ರೀತಿ ನೋಡಿ ಚಹಾದ ಲೋಟ ಬಾಯಿಗಿಟ್ಟೆ. ನನಗೆ ಆ ಮನುಷ್ಯನನ್ನು ಕಂಡರೆ ಪ್ರಾಣ. ಲುತ್ಸಿನಾ ಅವರ ತಟ್ಟೆಗೆ ಇನ್ನೊಂದು ಚೂರು ಕೇಕು ಹಾಕಿದರು.

ಎದ್ದು ಹೊರಡುವವಳೇ ಇದ್ದೆ. ಕಿಟಕಿ ಮುಚ್ಚುವ ಮುಂಚೆ, ಉಳಿಸಿಕೊಂಡ ಗಂಟು ನೆಟ್ಟಗಿದೆಯೇ ಎಂದು ಅಭ್ಯಾಸಬಲದಿಂದ ಅದರ ಗಾತ್ರ ಕೇಳಿದೆ. ಬಂದ ಅಂಕಿ ನೋಡಿ ಮತ್ತೆ ಕೂತೆ.

"ಖಾಲಿ ಡಿಸ್ಕು ಇಷ್ಟು ತೂಗಲ್ಲ," ಅಂದೆ.

"ಅಂದ್ರೆ?" ಲುತ್ಸಿನಾ ಕೇಳಿದರು.

"ಬರೀ ದಿಂಬಿನ ಚೀಲಗಳನ್ನ ಮಡಚಿ ಒತ್ತಿದ್ರೆ ಒಂದು ಮುಷ್ಟಿ ಆಗುತ್ತೆ. ಹತ್ತಿ ತುಂಬಿದ್ರೆ ಆಗುತ್ತಾ? ಆ ನಾಲ್ಕಾರು ಸಿನಿಮಾ ಬಿಟ್ಟು ಇಲ್ಲಿನ್ನೇನೂ ಇಲ್ದಿದ್ರೆ ಗಂಟು ಅಂಗೈಯಷ್ಟಾಗ್ಬೇಕಿತ್ತು. ಆದ್ರೆ ಇದು ಮೂಟೆ ಇದೆ. ಒಳಗೇನೋ ಇದೆ."

"ಇವನು ಅಳಿಸಿದಾನಲ್ಲ?"

"ಅಳಿಸೋದು ಅಂದ್ರೆ ಬಾಗಿಲ ಮೇಲಿನ ಹೆಸರು ಕೀಳೋದು ಅಷ್ಟೇ. ಆ ಜಾಗಕ್ಕೆ ಬೇರೆಯವ್ರು ಬರೋ ತನಕ ಒಳಗಿರೋರು ಅಲ್ಲೇ ಇರ್ತಾರೆ. ಇವ್ರು ಅಳಿಸಿದ್ಮೇಲೆ ಆ ಯಂತ್ರದಲ್ಲಿ ಯಾರೂ ಕೆಲಸ ಮಾಡ್ಲಿಲ್ಲ. ಸೀದಾ ನಾನು ಪ್ರತಿ ತೆಗೆದೆ."

ಲುತ್ಸಿನಾ ಗಂಡನ ಕಡೆ ತಿರುಗಿದರು. "ನೀನು ಜೀವಮಾನದಲ್ಲಿ ಯಾವ ಕೆಲಸಾನೂ ಪೂರ್ತಿ ಮಾಡಿಲ್ಲ ಅಂತ ಬೈತಿದ್ದೆ. ಮಾಡ್ದೇ ಇದ್ದದ್ದು ಒಳ್ಳೇದಾಯ್ತು ಮುದುಕಾ."

ಹೆಸರಿಲ್ಲದ ಫೈಲುಗಳನ್ನು ಹೆಕ್ಕುವ ಇನ್ನೊಂದು ಕಮಾಂಡ್ ಇದೆ. ಅದು ಇಮೇಜಿನ ಉದ್ದಕ್ಕೂ ನೆಲ ಮೂಸುತ್ತ ಹೋಗಿ, ಧ್ವನಿ ಎಂದು ಕಂಡದ್ದನ್ನೆಲ್ಲ ನಂಬರು ಹಾಕಿ ಬೇರೆ ಕಡೆ ಸುರಿಯುತ್ತದೆ. ಅಣಬೆಗಳು ಬಿಟ್ಟುಕೊಟ್ಟ ಜಾಗಕ್ಕೆ ಸುರಿಯಲು ಹೇಳಿದೆ. ಅದು ಮೂಸುತ್ತಿರುವಾಗ ನಾವು ಮೊಟ್ಟೆ ಹಾಕಿದ ಹುಳಿ ಸೂಪು ಕುಡಿದೆವು. ಸೆವೆರಿನ್ ಮುಟ್ಟಲಿಲ್ಲ, ಪರದೆಯಲ್ಲಿ ಏರುತ್ತಿದ್ದ ನಂಬರನ್ನೇ ನೋಡುತ್ತಿದ್ದರು.

ಮೊದಲು ಸಿಕ್ಕ ಒಂದನ್ನು ಒತ್ತಿದೆ. ಗುಂಡಿಲ್ಲ, ಪಿಟೀಲಿಲ್ಲ. ಅಡುಗೆಮನೆಯಲ್ಲಿ ಸೆವೆರಿನ್ ಮಾತಾಡಿದರು, ಇಸ್ತ್ರಿ ಮಾಡಿಟ್ಟ ಅಂಗಿಯಷ್ಟು ಸಪಾಟಾಗಿ: "ನಾನು ನಿನ್ನನ್ನು ಪ್ರೀತಿಸುತ್ತೇನೆ. ಪಿಸ್ತೂಲು ಕೆಳಗಿಡು."

ಲುತ್ಸಿನಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಈ ಮಾತನ್ನ ನನ್ನ ಗಂಡ ಊರಿನೋರಿಗೆಲ್ಲ ಹೇಳಿದಾನೆ ಕಣೆ, ಕಟ್ಕೊಂಡೋಳನ್ನ ಬಿಟ್ಟು!"

ಸೆವೆರಿನ್ ಹುಬ್ಬೆತ್ತಿ 'ಸಾಕಲ್ಲ?' ಎಂದು ಬರೆದರು. ಆಸ್ಪತ್ರೆಗೆ ಬೇಕಾದಷ್ಟು ಇತ್ತು. ಆದರೆ ನನಗೆ ಸಮಾಧಾನವಿರಲಿಲ್ಲ. ಇದನ್ನೇ ಕೊಟ್ಟರೆ ಯಂತ್ರ ಉಪ್ಪು ಕೇಳುವುದೂ ಹೀಗೇ, ಮೊಮ್ಮಗುವನ್ನು ಕರೆಯುವುದೂ ಹೀಗೇ. ಮುಂದಿನದನ್ನು ಒತ್ತಿದೆ. ಕೆಮ್ಮು, ಒಂದು ಹಸಿ ಬೈಗುಳ, ಆಮೇಲೆ ಫೋನು ಗಂಟೆ.

ಸೆವೆರಿನ್ ಧಡಕ್ಕನೆ ಎದ್ದು ಕೀಲಿಮಣೆಗೆ ಕೈ ಚಾಚಿದರು. ಸ್ಲೇಟಿನಲ್ಲಿ 'ಕಸ! ಬೇಡ!' ಎಂದಿತ್ತು. ಲುತ್ಸಿನಾ ಅವರ ಕೈ ಹಿಡಿದು ತಮ್ಮ ಮಡಿಲಿನಲ್ಲಿ ಇಟ್ಟುಕೊಂಡರು.

"ಹಲೋ, ಹೂಂ. ಇನ್ನೂ ಅರ್ಧ ಸಿನಿಮಾ ಇದೆ," ಅಂದಿತು ಕಂಪ್ಯೂಟರು. ಇದು ಬೇರೆಯೇ ಧ್ವನಿ. ಏರುತ್ತದೆ, ಎಡವುತ್ತದೆ, ಗೊಣಗುತ್ತದೆ. "ನೀನು ಉಂಡು ಮಲ್ಕೋ. ಕಾಯ್ಬೇಡ. ... ಹಾಕ್ಕೊಂಡಿದೀನಿ, ಸ್ಕಾರ್ಫ್ ಹಾಕ್ಕೊಂಡಿದೀನಿ ಅಂದ್ನಲ್ಲ!" ಫೋನಿಟ್ಟ ಸದ್ದು. "ಗ್ರಾಜಿನಾ, ನನ್ನ ಸ್ಕಾರ್ಫ್ ನೋಡಿದ್ಯಾ?"

ದೂರದಿಂದ ನನ್ನದೇ ದನಿ: "ಟ್ರಾಮಲ್ಲಿ ಬಿಟ್ಟಿರ್ತೀರಿ."

"ಬೇಗ ಮುಗಿಸೋಣ ಕಣಮ್ಮ. ಅವಳು ಮಲಗಲ್ಲ. ನಾನು ಬೀಗ ತೆಗೆಯೋ ಸದ್ದು ಕೇಳಿದ್ ಕೂಡ್ಲೇ ದೀಪ ಆರ್ಸಿ ಗೊರಕೆ ಶುರು ಮಾಡ್ತಾಳೆ. ಅವಳು ಗೊರಕೆ ಹೊಡೆಯೋಳೇ ಅಲ್ಲ. ಕೆಳಗೆ ಅಂಗಳಕ್ಕೆ ದೀಪ ಕಾಣುತ್ತೆ ಅಂತ ಅವಳಿಗೆ ಗೊತ್ತಿಲ್ಲ. ನಾನು ಕೆಳಗೆ ನಿಂತು ಸ್ವಲ್ಪ ಹೊತ್ತು ಆ ದೀಪ ನೋಡಿ ಆಮೇಲೆ ಹತ್ತಿ ಹೋಗ್ತೀನಿ. ಎಂಥಾ ಚಳಿ ಇದ್ರೂ ನಿಲ್ತೀನಿ." ಕಾಗದ ಮಗುಚಿದ ಸದ್ದು. "ಸರಿ, ಪಿಸ್ತೂಲು ಯಾರ ಕೈಲಿತ್ತು?"

ಅಂದು ಗಾಜಿನ ಈಚೆ ಕೂತು ನಾನು ಇದನ್ನು ಕೇಳಿದ್ದೆ, ಆದರೆ ಕಿವಿಗೆ ಹಾಕಿಕೊಂಡಿರಲಿಲ್ಲ. ಧ್ವನಿಯ ಮಟ್ಟ ತೋರಿಸುವ ಮುಳ್ಳಿನ ಏರಿಳಿತ ನೋಡುವವರಿಗೆ ಮಾತು ಕೇಳಿಸುವುದಿಲ್ಲ.

ಲುತ್ಸಿನಾ ಆ ಕೈಯನ್ನು ಬಿಡಲಿಲ್ಲ. "ಗೊತ್ತಿತ್ತಾ ನಿನಗೆ?" ಅಂದರು. "ಅಷ್ಟು ವರ್ಷ ನಾನು ಗೊರಕೆ ಹೊಡೆದೆನಲ್ಲೋ, ದರಿದ್ರ ಮುದುಕಾ. ಎಷ್ಟು ಕಷ್ಟ ಗೊತ್ತಾ ಅದು?"

ಸೆವೆರಿನ್ ಬರೆಯುವ ಕೈ ಹೆಂಡತಿಯ ಮಡಿಲಲ್ಲಿತ್ತು.

"ಗ್ರಾಜಿನಾ," ಅಂದರು ಲುತ್ಸಿನಾ, ಮೂಗು ಒರೆಸಿಕೊಂಡು, "ಆಸ್ಪತ್ರೆಗೆ ಈ ಕಸಾನೇ ಕೊಡು. ಎಲ್ಲಾ ಕೊಡು. ಕೆಮ್ಮು ಬೈಗುಳ ಬಿಡ್ಬೇಡ."

ಕೊಟ್ಟೆ. ಈಸ್ಟರ್ ದಿನ ಮಧ್ಯಾಹ್ನದ ಊಟಕ್ಕೆ ನನ್ನನ್ನು ಕರೆದಿದ್ದರು. ಯಂತ್ರ ಹಿಂದಿನ ದಿನವೇ ಬಂದಿತ್ತು, ಆದರೆ ನಾನು ಬರುವ ತನಕ ಸೆವೆರಿನ್ ಮುಟ್ಟಿರಲಿಲ್ಲವಂತೆ. ಬಣ್ಣದ ಮೊಟ್ಟೆಗಳ ಪಕ್ಕ ಅದನ್ನಿಟ್ಟುಕೊಂಡು, ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದರು. ನನಗಂತೂ ಭಯ. ಧ್ವನಿ ಜೋಡಿಸುವವರು ಎಲ್ಲಿ ಎಡವಟ್ಟು ಮಾಡಿದ್ದಾರೋ, ಹಿಯೆರೊನಿಮ್ ಎಲ್ಲಿಂದ ಇಣುಕುತ್ತಾನೋ.

"ಏನ್ ರಾಮಾಯಣ ಬರೀತಿದೀಯ? ಸೂಪು ಆರ್ತಿದೆ," ಅಂದರು ಲುತ್ಸಿನಾ.

ಸೆವೆರಿನ್ ಕೊನೆಯ ಕೀಲಿ ಒತ್ತಿದರು. ಗೊಣಗುವ, ಎಡವುವ, ಟ್ರಾಮಿನಲ್ಲಿ ಸ್ಕಾರ್ಫ್ ಮರೆತು ಬರುವ ಆ ಧ್ವನಿ ಮೇಜಿನ ಮೇಲಿಂದ ಹೇಳಿತು: "ಲುತ್ಸಿನಾ, ನಾನು ಬಂದೆ. ಮಲಗಿದ ಹಾಗೆ ನಾಟಕ ಆಡಬೇಡ. ದೀಪ ಹಾಕು."

ಮಟಮಟ ಮಧ್ಯಾಹ್ನ, ಕಿಟಕಿಯ ತುಂಬ ಬಿಸಿಲು. ಲುತ್ಸಿನಾ ಎದ್ದು ಹೋಗಿ ದೀಪ ಹಾಕಿದರು.